ಬುಟ್ಟಿಯ ತಪ್ಪಲ್ಲ

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವರಿಗೆ ಎರಡು ವಿದ್ಯೆ ಬರಬೇಕು. ಎದುರಿನವರು ಎಷ್ಟೇ ಕೂಗಾಡಿದರೂ ಕೈಯಲ್ಲಿನ ಪೆನ್ನು ಅಲುಗದಂತೆ ಬರೆದುಕೊಳ್ಳುವುದು ಒಂದು. ಅವರನ್ನು ಬರಿಗೈಯಲ್ಲಿ ಕಳಿಸುವಾಗಲೂ ಏನೋ ಕೊಟ್ಟು ಕಳಿಸಿದಂತೆ ಕಾಣಿಸುವುದು ಇನ್ನೊಂದು. ‘ವಾಲ್ವ್‌ಮನ್‌ಗೆ ಹೇಳಿದೀನಿ’, ‘ಸಾಮಾನು ಬರಬೇಕು’, ‘ಹೊಸ ಪೈಪು, ಸ್ವಲ್ಪ ದಿನ ಹಾಗೇ ಇರತ್ತೆ, ಆಮೇಲೆ ತಾನೇ ಸರಿಹೋಗತ್ತೆ’ ಎಂಬ ಮಾತುಗಳು ಆ ಕೌಂಟರಿನಲ್ಲಿ ಸದಾ ಸಿದ್ಧವಾಗಿರುತ್ತಿದ್ದವು. ಬಂದವರ ಮೂಗಿಗೆ ಅಷ್ಟು ತುಪ್ಪ ಸವರಿದರೆ ಅವತ್ತಿನ ಮಟ್ಟಿಗೆ ಸಾಲು ಕರಗುತ್ತಿತ್ತು.

ಮದುವೆಗೆ ಮುಂಚಿನಿಂದಲೂ ಆ ಕುರ್ಚಿಯಲ್ಲಿ ಕೂತವಳನ್ನು ಓಣಿಯವರು ದೂರಿನಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. “ನಾನು ದೂರು ತಗೊಳ್ಳೋಳು, ಕೊಡೋಳಲ್ಲ” ಎಂದು ತಿದ್ದುತ್ತಿದ್ದಳು, ಅಷ್ಟೆ. ಮನೆಯಲ್ಲಿ ಹಾಲು ಒಡೆದರೂ, ಸೀರೆಗೆ ಇಸ್ತ್ರಿಯವನು ಕಲೆ ಮಾಡಿದರೂ, ಹೋಗಿ ಕೇಳುವ ಚಾಳಿ ಅವಳದಲ್ಲ. ದಿನವಿಡೀ ಬೇರೆಯವರ ಗೋಳು ಕೇಳಿದವಳಿಗೆ ತನ್ನದೂ ಒಂದನ್ನು ಲೋಕಕ್ಕೆ ಸೇರಿಸುವ ಆಸೆ ಉಳಿದಿರಲಿಲ್ಲ.

ಆದರೆ ಆ ಕುರ್ಚಿಯಲ್ಲಿ ಅವಳು ತನಗೆ ತಾನೇ ಹಾಕಿಕೊಂಡ ಕಟ್ಟೊಂದಿತ್ತು. ಕೆಲಸವನ್ನು ಮುಂದಕ್ಕೆ ಹಾಕಬಹುದು, ಆಗದ್ದನ್ನು ಆಗುತ್ತದೆ ಎನ್ನಬಹುದು. ದೂರು ತಂದವರ ತಲೆಗೇ ತಪ್ಪನ್ನು ಕಟ್ಟಿ ಕಳಿಸಬಾರದು. ‘ನಿಮ್ಮ ನಲ್ಲಿ ಸೋರೋದಕ್ಕೆ ನೀವೇ ಕಾರಣ’ ಎಂದರೆ ಜನ ವಾದ ಮಾಡುವುದಿಲ್ಲ. ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಕೌಂಟರಿನ ಮಟ್ಟಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಅಷ್ಟು ಸುಲಭವಾದದ್ದರಿಂದಲೇ ಅವಳು ಆ ದಾರಿ ತುಳಿಯುತ್ತಿರಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅತ್ತೆಯ ಮಂಡಿಗಳು ಮೆಟ್ಟಿಲಿನೊಂದಿಗೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಹಾಗೆಂದು ಅತ್ತೆ ಮನೆಯೊಳಗೆ ಕೂತುಬಿಟ್ಟವರಲ್ಲ. ಅವರ ಕೋಣೆಯ ಕಿಟಕಿ ನೇರ ಬೀದಿಗೆ ತೆರೆದುಕೊಳ್ಳುತ್ತಿತ್ತು. ಮಂಚದ ಕಾಲಿಗೆ ಒಂದು ಹಗ್ಗ, ಹಗ್ಗದ ತುದಿಗೆ ಬೆತ್ತದ ಬುಟ್ಟಿ. ತರಕಾರಿ ಗಾಡಿಯವನು ಬಂದರೆ ಬುಟ್ಟಿ ಇಳಿಯುತ್ತಿತ್ತು, ಮೂಲೆಯ ಔಷಧಿ ಅಂಗಡಿಯವನು ಶೀಶೆ ಇಟ್ಟು ಕೂಗಿದರೆ ಏರುತ್ತಿತ್ತು. ಕೆಳಮನೆಯವರು ಓದಿ ಮುಗಿಸಿದ ಪತ್ರಿಕೆಯೂ ಅದರಲ್ಲೇ ಬರುತ್ತಿತ್ತು. ಮನೆಗೆ ಏನು ಬರಬೇಕು, ಏನು ಬರಬಾರದು ಎಂಬ ತೀರ್ಮಾನವೆಲ್ಲ ಆ ಹಗ್ಗದ ತುದಿಯಲ್ಲಿತ್ತು. ಸೊಸೆ ಸಂಬಳ ತರುವವಳಾದರೂ ಟೊಮೆಟೊ ತರುವ ಅಧಿಕಾರ ಅವಳಿಗಿರಲಿಲ್ಲ.

ಗಾಡಿಯವನಿಗೂ ಅತ್ತೆಗೂ ಬೆಳಗಿನ ಜಗಳ ಒಂದು ಹವ್ಯಾಸ. ಬದನೆಕಾಯಿಯನ್ನು ಮೇಲೆಳೆದು ತಿರುಗಿಸಿ ನೋಡಿ, “ಏನೋ ಇದು, ನಿಮ್ಮ ತಾತನ ಕಾಲದ್ದಾ?” ಎಂದು ಅತ್ತೆ ಕೇಳುತ್ತಿದ್ದರು. “ಇಲ್ಲ ಅಜ್ಜಿ, ನಿಮ್ಮ ಮದುವೆ ಕಾಲದ್ದು” ಎಂದು ಅವನು ಕೆಳಗಿನಿಂದ ಕೂಗುತ್ತಿದ್ದ. ಬದನೆಕಾಯಿ ವಾಪಸು ಇಳಿಯುತ್ತಿತ್ತು, ಬೇರೆಯದು ಏರುತ್ತಿತ್ತು. ಬೀದಿಯವರು ನಿಂತು ಕೇಳಿ ಹೋಗುತ್ತಿದ್ದರು.

ಹಳೆಯ ಮರದ ಕಿಟಕಿಯ ಕೆಳಗಿನ ಪಟ್ಟಿ ಕೊಳೆತು, ಬೆರಳಿಟ್ಟರೆ ಪುಡಿಯಾಗುವ ಹಾಗಾದಾಗ, ಹೊಸ ಅಲ್ಯೂಮಿನಿಯಂ ಕಿಟಕಿ ಹಾಕಿಸುವುದೆಂದಾಯಿತು. ಜಾರಿಸಿ ತೆಗೆಯುವಂಥದ್ದು, ಒಂದು ಗಾಜು ಖಾಯಂ, ಇನ್ನೊಂದು ಸರಿಯುವುದು. ಅಂಗಡಿ ಹುಡುಕಿದ್ದು ಗಂಡ. ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿದ್ದ ಅವನು ಯಾರನ್ನೂ ಅನುಮಾನಿಸಿದವನಲ್ಲ. ಕೆಲಸ ಶುರುವಾಗುವ ಮೊದಲೇ ಹಣ ಪೂರ್ತಿ ಕೊಟ್ಟು, ಅದರ ಮೇಲೆ ಚಹಾ ಕುಡಿಸಿ ಬಂದಿದ್ದ. ಬಲಗಡೆ ಗೋಡೆಗುಂಟ ಮಳೆನೀರಿನ ಕೊಳವೆ ಇಳಿದಿರುವುದರಿಂದ ಸರಿಯುವ ಗಾಜು ಎಡಗಡೆ ಬರಬೇಕು, ಬುಟ್ಟಿ ಇಳಿಸುವುದಿದೆ ಎಂದು ಮಾತ್ರ ಮರೆಯದೆ ಹೇಳಿದ್ದ. ಅಂಗಡಿ ಯಜಮಾನ ತಲೆಯಾಡಿಸಿದ್ದ. ಎಡಗಡೆ ಸರಿಯುವ ಕಿಟಕಿಯನ್ನೇ ಮಾಡಿಸಿ ಕಳಿಸಿಯೂ ಇದ್ದ.

ಕೂರಿಸುವವರು ಇಬ್ಬರು ಬಂದದ್ದು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ. ದೂಳು ಬರುತ್ತದೆ ಎಂದು ಅತ್ತೆಯನ್ನು ಒಳಮನೆಗೆ ಕಳಿಸಿ ಬಾಗಿಲು ಮುಚ್ಚಿದರು. ಸಂಜೆ ದೂರಿನಮ್ಮ ಬಂದು ನೋಡಿದಾಗ ಕಿಟಕಿ ಫಳಫಳ ಹೊಳೆಯುತ್ತಿತ್ತು. ಸರಿಯುವ ಗಾಜು ಬಲಗಡೆ ಇತ್ತು.

ಫೋನು ಮಾಡಿದರೆ ಅಂಗಡಿಯವನು, ಕಿಟಕಿ ಯಾವ ಕಡೆ ತೆಗೆದರೇನು ಮೇಡಂ, ಗಾಳಿ ಒಂದೇ ಅಲ್ಲವೇ ಎಂದ. ಅತ್ತೆ ಅದಕ್ಕೂ ಒಗ್ಗಿಕೊಂಡರು. ಬುಟ್ಟಿಯನ್ನು ಸ್ವಲ್ಪ ಓಲಾಡಿಸಿ, ಕೊಳವೆಯ ಕಬ್ಬಿಣದ ಪಟ್ಟಿ ತಪ್ಪಿಸಿ, ಗಾಳ ಬೀಸಿದಂತೆ ಇಳಿಸುವುದನ್ನು ಕಲಿತರು. ಮರುದಿನದಿಂದ ಗಾಜು ಸರಿಯುವಾಗ ಕಿರ್ರೆನ್ನತೊಡಗಿತು. ಆಮೇಲೆ ಎರಡು ಕೈ ಹಾಕಿ ತಳ್ಳಬೇಕಾಯಿತು. ಚಿಲಕ ಹಾಕಿ ಕೈಬಿಟ್ಟರೆ ತಾನಾಗಿ ಬಿದ್ದು ತೆರೆದುಕೊಳ್ಳುತ್ತಿತ್ತು. ಮೊದಲ ಮಳೆಗೆ ಕಿಟಕಿಯ ತಳದ ಹಳಿಯಲ್ಲಿ ನೀರು ತುಂಬಿ, ತುಳುಕಿ, ಅತ್ತೆಯ ಹಾಸಿಗೆಯ ತುದಿಗೆ ಬಂತು.

ದೂರಿನಮ್ಮ ಮತ್ತೆ ಫೋನು ಮಾಡಿದಳು. ಹೊಸದು ಮೇಡಂ, ಓಡಾಡ್ತಾ ಓಡಾಡ್ತಾ ಸಡಿಲ ಆಗತ್ತೆ ಎಂಬ ಉತ್ತರ ಬಂತು. ಇನ್ನೊಮ್ಮೆ ಮಾಡಿದಾಗ ಸಾಮಾನು ಬರಬೇಕಿತ್ತು. ಮತ್ತೊಮ್ಮೆ ಮಾಡಿದಾಗ ಹುಡುಗರಿಗೆ ಹೇಳಿಯಾಗಿತ್ತು. ಫೋನಿಟ್ಟು ಅವಳು ಒಬ್ಬಳೇ ನಕ್ಕಳು. ತನ್ನ ಕೌಂಟರಿನ ಸರಕನ್ನು ತನಗೇ ಮಾರುತ್ತಿದ್ದಾನೆ ಆಸಾಮಿ. ಆದರೂ ಅವಳಿಗೆ ಕೋಪ ಬರಲಿಲ್ಲ. ಮುಂದಕ್ಕೆ ಹಾಕುವವರ ಕಷ್ಟ ಮುಂದಕ್ಕೆ ಹಾಕುವವರಿಗೇ ಗೊತ್ತು.

ಕೋಪ ಬಂದದ್ದು ಅವನು ಸ್ವತಃ ಬಂದ ದಿನ. ಕಿವಿಯ ಮೇಲೆ ಪೆನ್ಸಿಲು, ಸೊಂಟದಲ್ಲಿ ಅಳತೆ ಪಟ್ಟಿ, ಮೆದು ಮಾತು. ದೂರಿನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದಿದ್ದಳು. ಅವನು ಗಾಜನ್ನು ಎರಡು ಸಲ ಅಲುಗಿಸಿ ನೋಡಿದ, ಮಂಚದ ಕಾಲಿನ ಹಗ್ಗ ನೋಡಿದ, ಬುಟ್ಟಿ ನೋಡಿದ. ಆಮೇಲೆ ಕಾರಣ ಸಿಕ್ಕಿತೆಂಬ ನಿರಾಳ ದನಿಯಲ್ಲಿ ಅತ್ತೆಗೆ ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು.

“ಇದೇ ಅಜ್ಜಿ ನೋಡಿ. ಹಗ್ಗ ಹಾಕಿ ಎಳೆದೂ ಎಳೆದೂ ಹಳಿ ಬಗ್ಗಿಸಿಬಿಟ್ಟಿದೀರಿ. ಕಿಟಕಿ ಇರೋದು ಗಾಳಿಗೆ, ಬಾವಿ ಸೇದೋದಕ್ಕಲ್ಲ.”

ಅವಳು ಕೈಯೊರೆಸಿಕೊಂಡು ಬರುವಷ್ಟರಲ್ಲಿ ಅವನು ಮೆಟ್ಟಿಲಿಳಿಯುತ್ತಿದ್ದ. ಅತ್ತೆ ಜಗಳಕ್ಕೆ ಉತ್ತರ ಹುಡುಕುತ್ತಾ ಕೂತಿರುತ್ತಾರೆ ಎಂದುಕೊಂಡಿದ್ದಳು. ಅತ್ತೆ ಬಗ್ಗಿ ಮಂಚದ ಕಾಲಿನಿಂದ ಹಗ್ಗ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನು ಮೊಣಕೈಗೆ ಸುತ್ತಿ ಬುಟ್ಟಿಯೊಳಗಿಟ್ಟರು. ಬುಟ್ಟಿಯನ್ನು ಕಪಾಟಿನ ಮೇಲಕ್ಕೆ ಎತ್ತಿಡಲು ಮಗನನ್ನು ಕರೆದರು.

ಮರುದಿನ ಗಾಡಿಯವನು ಕೆಳಗಿನಿಂದ ಕೂಗಿದ. ಅತ್ತೆ ಕಿಟಕಿಯ ಕಡೆ ತಿರುಗಲಿಲ್ಲ. “ಇವತ್ತು ಬೇಡ ಅನ್ನು” ಎಂದು ಮಗನಿಗೆ ಹೇಳಿದರು. ಅದರ ಮರುದಿನ ಸೊಸೆಗೆ, “ಬರ್ತಾ ನಿನಗೆ ಏನು ಇಷ್ಟವೋ ತಗೊಂಬಾರಮ್ಮ” ಎಂದರು. ಆ ಮನೆಯಲ್ಲಿ ಅಂಥ ಮಾತು ಹಿಂದೆಂದೂ ಕೇಳಿರಲಿಲ್ಲ. ದೂರಿನಮ್ಮ ಪರೀಕ್ಷೆ ಮಾಡಲೆಂದೇ ಮೆತ್ತಗಾದ ಟೊಮೆಟೊ ತಂದಳು. ಅತ್ತೆ ಅದನ್ನು ಕೈಯಲ್ಲಿ ಹಿಡಿದು, ಏನೂ ಅನ್ನದೆ ತಟ್ಟೆಗೆ ಹಾಕಿದರು. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಗಂಡನದು ಎಂದಿನ ರಾಗ. ಅಮ್ಮನಿಗೂ ವಯಸ್ಸಾಯಿತು, ಈ ಬುಟ್ಟಿ ಇನ್ನೆಷ್ಟು ದಿನ, ಹೊಂದಿಕೊಂಡು ಹೋಗೋಣ ಎಂದ.

“ಹೊಂದ್ಕೊಳ್ಳೋದು ಕಿಟಕಿ ಕೆಲಸ ರೀ, ಗೋಡೆಗೆ” ಎಂದಳು ಅವಳು. “ನಮ್ಮದಲ್ಲ.”

“ಅವನು ಹೇಳಿದ್ದು ನಿಜವೇ ಇದ್ದರೆ?”

ಪ್ರಶ್ನೆ ನ್ಯಾಯವಾದದ್ದೇ. ಅತ್ತೆಯ ಮೇಲಿನ ಪ್ರೀತಿಯಿಂದ ಹಳಿ ನೆಟ್ಟಗಾಗುವುದಿಲ್ಲ. ಭಾನುವಾರ ಬೆಳಗ್ಗೆ ಅವಳು ಕಿಟಕಿಯ ಮುಂದೆ ಕೂತಳು. ಹಗ್ಗದಿಂದ ಹಳಿ ಬಗ್ಗಿದ್ದರೆ, ಹಗ್ಗ ಹಾದುಹೋಗುತ್ತಿದ್ದ ಕಡೆಯೇ ಬಗ್ಗಿರಬೇಕು. ಗಂಡನ ಉಕ್ಕಿನ ಅಳತೆಪಟ್ಟಿಯನ್ನು ಹಳಿಯ ಅಂಚಿಗೆ ಒತ್ತಿ ಹಿಡಿದು, ಹಿಂದಿನಿಂದ ಟಾರ್ಚು ಬಿಟ್ಟಳು. ಎಲ್ಲಿಯೂ ಬೆಳಕು ತೂರಲಿಲ್ಲ. ಹಗ್ಗದ ಜಾಗದಲ್ಲಿ ಬಣ್ಣ ಸವೆದಿತ್ತು. ಹಳಿ ಗೆರೆ ಎಳೆದಷ್ಟು ನೇರವಾಗಿತ್ತು. ಅಲ್ಲಿಗೆ ಹಗ್ಗ ಬಿಡುಗಡೆಯಾಯಿತು. ಹಾಗಾದರೆ ಅಪರಾಧಿ ಯಾರು?

ಒಂದು ಲೋಟ ನೀರನ್ನು ಹಳಿಗೆ ಸುರಿದಳು. ನೀರು ಅಲ್ಲೇ ನಿಂತಿತು. ಬಿದ್ದ ಮಳೆ ಹೊರಗೆ ಹರಿದುಹೋಗಲು ಇಂಥ ಕಿಟಕಿಗೆ ತಳದಲ್ಲಿ ತೂತುಗಳಿರಬೇಕು. ನೀರಿನ ಕಚೇರಿಯಲ್ಲಿ ಕೂತವಳಿಗೆ ಅಷ್ಟು ತೋಚದೆ ಇರದು. ಬೆರಳಾಡಿಸಿದಳು, ಇರಲಿಲ್ಲ. ಸ್ಟೂಲು ಹತ್ತಿ, ಬೇರೇನೂ ತೋಚದೆ, ಮೇಲಿನ ಹಳಿಯ ಒಳಗೆ ಬೆರಳು ಹಾಕಿದಳು. ಅಲ್ಲಿದ್ದವು: ಉದ್ದುದ್ದ ತೂತುಗಳು, ಹೊರಗಡೆ ಸಣ್ಣ ಪ್ಲಾಸ್ಟಿಕ್ ಮುಚ್ಚಳಗಳ ಸಮೇತ. ಗಾಜಿನ ಚೌಕಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಗಾಲಿಗಳು ಆಕಾಶ ನೋಡುತ್ತಾ ತಿರುಗುತ್ತಿದ್ದವು. ಗಾಜು ಇಷ್ಟು ದಿನ ಗಾಲಿ ಇಲ್ಲದ ಅಂಚಿನ ಮೇಲೆ ಉಜ್ಜಿಕೊಂಡು ಓಡಾಡುತ್ತಿತ್ತು.

ಅವಳು ಸ್ಟೂಲಿನಿಂದಿಳಿದು, ಚಪ್ಪಲಿ ಮೆಟ್ಟಿ ಬೀದಿಗೆ ಬಂದು, ಗಾಡಿಯವನ ಪಕ್ಕ ನಿಂತು ತಲೆಯೆತ್ತಿ ನೋಡಿದಳು. ಎದುರು ಸಾಲಿನ ಮನೆಗಳ ಕಿಟಕಿಗಳಿಗೆಲ್ಲ ತಳದಲ್ಲಿ ಒಂದು ತುಟಿ ಮುಂದೆ ಚಾಚಿಕೊಂಡಿತ್ತು, ನೀರು ಗೋಡೆಗೆ ತಾಗದೆ ಬೀಳಲಿ ಎಂದು. ಅವಳ ಮನೆಯ ಕಿಟಕಿಗೆ ಆ ತುಟಿ ಮೇಲಿತ್ತು.

“ಟೋಪಿ ಹಾಕ್ಕೊಂಡ ಹಾಗಿದೆ ಅಕ್ಕಾ” ಎಂದ ಗಾಡಿಯವನು, ಅವಳ ದೃಷ್ಟಿ ಹಿಡಿದು ನೋಡಿ. “ನಾನು ಹೊಸ ಫ್ಯಾಷನ್ ಅಂದ್ಕೊಂಡಿದ್ದೆ.”

ಇಡೀ ಕಿಟಕಿಯನ್ನೇ ತಲೆಕೆಳಗಾಗಿ ಕೂರಿಸಿದ್ದರು. ಎಡ ಬಲವಾದದ್ದು, ಗಾಲಿ ಮೇಲೇರಿದ್ದು, ನೀರು ಒಳಬಂದದ್ದು, ಚಿಲಕ ಕಳಚಿ ಬೀಳುತ್ತಿದ್ದದ್ದು, ಎಲ್ಲಕ್ಕೂ ಆ ಒಂದೇ ಕಾರಣ ಸಾಕು.

ಗಂಡನಿಗೆ ಹೇಳಿದಾಗ, ಕಿಟಕಿಗೆ ತಲೆ ಕಾಲು ಇರುತ್ತದೆಯೇ ಎಂದು ಕೇಳಿದ. “ನಿಮ್ಮ ಪಾರ್ಸೆಲ್ ಮೇಲೆ ಬಾಣ ಹಾಕಿರಲ್ವಾ, ಈ ಕಡೆ ಮೇಲೆ ಅಂತ? ಹಾಗೆ” ಎಂದಳು. ಬಾಣ ಹಾಕಿದ್ದನ್ನು ತಿರುಗಿಸಿ ಇಡುವವರನ್ನು ಕಂಡರೆ ಅವನಿಗೂ ಆಗುತ್ತಿರಲಿಲ್ಲ. ಇಡೀ ಪ್ರಪಂಚದಲ್ಲಿ ಅವನಿಗೆ ಸಿಟ್ಟು ತರಿಸುತ್ತಿದ್ದ ವಿಷಯ ಬಹುಶಃ ಅದೊಂದೇ.

ಆದರೆ ಅತ್ತೆ ಒಪ್ಪಲಿಲ್ಲ. ಹಳಿ ನೇರವಾಗಿದೆ, ಬುಟ್ಟಿಯಿಂದ ಏನೂ ಆಗಿಲ್ಲ ಎಂದು ಸೊಸೆ ಅಳತೆಪಟ್ಟಿ ಹಿಡಿದು ತೋರಿಸಿದಳು. ಅತ್ತೆ ನೋಡಿದರು, ಸೊಸೆಯ ಕೈ ಸವರಿದರು.

“ನನ್ನ ಸಮಾಧಾನಕ್ಕೆ ಹೇಳ್ತೀಯ ಕಣೇ. ಕಿಟಕಿ ಮಾಡೋನು ಅವನು. ಅವನಿಗೆ ಗೊತ್ತಿರಲ್ವಾ?”

ಅದಕ್ಕೆ ಅಳತೆಪಟ್ಟಿಯಲ್ಲಿ ಉತ್ತರವಿರಲಿಲ್ಲ. ಹೇಳಿದ ಬಾಯೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು.

ಸೋಮವಾರ ದೂರಿನಮ್ಮ ಕಚೇರಿಗೆ ರಜೆ ಹಾಕಿ ಅಂಗಡಿಗೆ ಹೋದಳು. ಗಾಜಿನ ಹಾಳೆಗಳು ಮರದ ಕಟ್ಟಿಗೆ ಒರಗಿ ನಿಂತಿದ್ದವು, ನೆಲದ ಮೇಲೆ ಅಲ್ಯೂಮಿನಿಯಂ ಪುಡಿ ಮಿನುಗುತ್ತಿತ್ತು. ಗೋಡೆಯ ಬದಿ ಮಾದರಿ ಕಿಟಕಿಗಳ ಸಾಲು. ಅವಳು ಅವುಗಳಲ್ಲಿ ಒಂದನ್ನು ಕಿರುಬೆರಳಿನಿಂದ ತಳ್ಳಿದಳು. ಅದು ಸದ್ದಿಲ್ಲದೆ ಆ ತುದಿಗೆ ಹೋಯಿತು.

“ಬೆಣ್ಣೆ ಹಾಗೆ ಹೋಗತ್ತೆ ಮೇಡಂ” ಎಂದ ಯಜಮಾನ, ಗುರುತು ಹತ್ತುವ ಮೊದಲೇ. ಹತ್ತಿದ ಮೇಲೆ ದನಿ ಇಳಿಸಿದ. “ಓ, ನೀವಾ? ಅಜ್ಜಿಗೆ ಬುಟ್ಟಿ ನಿಲ್ಲಿಸಕ್ಕೆ ಹೇಳಿದ್ರಾ?”

“ನಿಲ್ಲಿಸಿದಾರೆ. ಕಿಟಕಿ ಇನ್ನೂ ಸರಿಹೋಗಿಲ್ಲ.” ಅವಳು ಮಾದರಿಯ ಚೌಕಟ್ಟಿನ ಮೇಲೆ ಮೇಲ್ಮುಖವಾಗಿ ಅಚ್ಚೊತ್ತಿದ್ದ ಬಾಣವನ್ನು ಮುಟ್ಟಿದಳು. “ಈ ಬಾಣ ಯಾಕೆ ಇದೆ ಇಲ್ಲಿ?”

“ಅದಾ? ಕಂಪನಿ ಗುರುತು.”

“ತಳದಲ್ಲಿ ಈ ತೂತು?”

“ನೀರು ಹೋಗಕ್ಕೆ.”

“ನಮ್ಮನೇದ್ರಲ್ಲಿ ಈ ತೂತು ಮೇಲಿದೆ” ಎಂದಳು. “ನಾನು ನೀರಿನ ಆಫೀಸಲ್ಲಿರೋಳು. ಎಷ್ಟೋ ಓಣಿಗೆ ಮೇಲಕ್ಕೆ ನೀರು ಹತ್ತಿಸೋದಕ್ಕೆ ನಮಗೇ ಆಗಿಲ್ಲ. ನಿಮ್ಮ ಕಿಟಕಿ ಹತ್ತಿಸತ್ತಾ?”

ಅವನು ನಗಲು ನೋಡಿದ, ಆಗಲಿಲ್ಲ. ಆಮೇಲೆ ಶುರುವಾಯಿತು. ಮನೆಯಲ್ಲಿರುವುದು ಬೇರೆ ಮಾದರಿ. ಕೂರಿಸುವವರು ಊರಾಚೆ ದೊಡ್ಡ ಕೆಲಸದಲ್ಲಿದ್ದಾರೆ. ಮಳೆಗಾಲದಲ್ಲಿ ಸಿಮೆಂಟು ಹಿಡಿಯುವುದಿಲ್ಲ. ಮುಂದಿನ ವಾರ ನೋಡೋಣ. ಒಂದೊಂದನ್ನೂ ಅವಳು ಹಳೆಯ ನೆಂಟರನ್ನು ಕಂಡಂತೆ ಗುರುತಿಸಿದಳು. ಎರಡನೆಯದನ್ನು ತಾನು ಇನ್ನೂ ಚೆನ್ನಾಗಿ ಹೇಳುತ್ತಿದ್ದೆ ಎಂದೂ ಅನ್ನಿಸಿತು.

ಕೌಂಟರಿನ ಆ ಬದಿಯಲ್ಲಿ ಇಷ್ಟು ವರ್ಷ ಕೂತದ್ದರಿಂದ ಅವಳಿಗೆ ಗೊತ್ತಿದ್ದ ಸತ್ಯ ಒಂದಿತ್ತು. ಕೂಗಾಡುವವರಿಗೆ ಯಾರೂ ಹೆದರುವುದಿಲ್ಲ. ಗಂಟಲು ನೋಯುತ್ತಲೇ ಎದ್ದು ಹೋಗುತ್ತಾರೆ. ಅಳುವವರಿಗೆ ಒಂದು ಲೋಟ ನೀರು ಸಾಕು. ದೊಡ್ಡವರ ಹೆಸರು ಹೇಳುವವರು ಒಂದು ಹೆಸರು ಹೇಳಿ ಸುಮ್ಮನಾಗುತ್ತಾರೆ. ನಿದ್ದೆ ಕೆಡಿಸುವವರು ಯಾರೆಂದರೆ, ಆಯಿತು ಎಂದು ತಲೆಯಾಡಿಸಿ, ಎದ್ದು ಹೋಗದೆ ಬೆಂಚಿನ ಮೇಲೆ ಕೂತುಬಿಡುವವರು.

“ಆಯ್ತು” ಎಂದು ಹೇಳಿ ಅವಳು ಗಿರಾಕಿಗಳ ಕುರ್ಚಿಯಲ್ಲಿ ಕೂತಳು.

ಅವನು ಲೆಕ್ಕ ನೋಡಿದಂತೆ ಮಾಡಿದ, ಒಳಗೆ ಹೋಗಿ ಬಂದ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮಾದರಿ ಕಿಟಕಿಗಳನ್ನು ನೋಡುತ್ತಿದ್ದಳು. ಚಹಾ ತರಿಸಿದ, ಕುಡಿದಳು, ಚೆನ್ನಾಗಿದೆ ಎಂದಳು, ಕೂತಳು. ಏನಾದರೂ ಕೇಳಬೇಕಿತ್ತಾ ಎಂದು ಕೇಳಿದ. ಕೇಳಿಯಾಯಿತಲ್ಲ ಎಂದಳು.

ಅಷ್ಟರಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ದಂಪತಿ ಬಂದರು. ಹೆಂಡತಿಗೆ ಅದೇ ಜಾರುವ ಕಿಟಕಿ ಹಿಡಿಸಿತು. ಯಜಮಾನ ಬೆಣ್ಣೆಯ ಮಾತು ತೆಗೆದ. ದೂರಿನಮ್ಮ ಆಕೆಯ ಕಡೆ ತಿರುಗಿ ಮೆಲ್ಲಗೆ, “ತಗೊಳ್ಳಿ, ವಸ್ತು ಚೆನ್ನಾಗಿದೆ. ಕೂರಿಸಿದ ಮೇಲೆ ಬಾಣ ಮೇಲ್ಗಡೆ ಇದೆಯಾ ಅಂತ ನೋಡ್ಕೊಂಡ್ಬಿಡಿ, ಅಷ್ಟೆ” ಎಂದಳು.

“ಯಾಕೆ, ತಲೆಕೆಳಗೂ ಹಾಕ್ತಾರಾ?” ಎಂದ ಆಕೆಯ ಗಂಡ, ತಮಾಷೆಗೆ.

ದೂರಿನಮ್ಮ ಯಜಮಾನನ ಮುಖ ನೋಡಿದಳು. “ಅದನ್ನ ಅವರೇ ಹೇಳಬೇಕು.”

ಯಜಮಾನ ಫೋನು ಕೈಗೆತ್ತಿಕೊಂಡ. ಊರಾಚೆ ಇದ್ದ ಕೂರಿಸುವವರು ಹಿಂದಿನ ಬೀದಿಯಲ್ಲೇ ಸಿಕ್ಕರು. ನಾಳೆ ಬೆಳಗ್ಗೆ ಬರುವುದೆಂದಾಯಿತು.

ಮರುದಿನ ಮೂವರೂ ಬಂದರು. ಕೂರಿಸುವವರಲ್ಲಿ ಹಿರಿಯವನು ಕಿಟಕಿ ನೋಡಿದ, ಅದರ ಕೆಳಗಿನ ಹಳೆಯ ಕಲ್ಲಿನ ಚಪ್ಪಡಿ ನೋಡಿದ, ನೆಲ ನೋಡಿದ. ಯಜಮಾನ ಸ್ಟೂಲು ಹತ್ತಿ, ಮೇಲಿನ ತೂತುಗಳನ್ನು ಮುಟ್ಟಿ, ಏನೋ ಇದು ಎಂದು ಅವನನ್ನೇ ಕೇಳಿದ.

“ತುಟಿ ಕಲ್ಲಿಗೆ ತಾಗ್ತಿತ್ತು ಅಣ್ಣಾ” ಎಂದ ಹಿರಿಯವನು. “ಕಲ್ಲು ಕೆತ್ತಬೇಕಿತ್ತು. ಉಳಿ ತಂದಿರಲಿಲ್ಲ. ತಿರುಗಿಸಿದ್ವಿ, ಸರಿಯಾಗಿ ಕೂತ್ಕೊಂಡಿತು.”

ಅಂದರೆ ಅದು ಮರೆವಿನಿಂದ ಆದ ತಪ್ಪೂ ಅಲ್ಲ. ಕಲ್ಲಿನ ಅಂಚಿನ ಒಂದು ಹಿಡಿ ಪುಡಿ ಉಳಿಸಲು ಕಿಟಕಿಯನ್ನೇ ಶೀರ್ಷಾಸನ ಹಾಕಿಸಿದ್ದರು.

ಯಜಮಾನ ಇಳಿದು ಬಂದು ಗಂಡನ ಭುಜ ಮುಟ್ಟಿದ. ಹೆಂಗಸರಿಗಿಂತ ಈತ ಸುಲಭ ಎಂದು ಅವನಿಗೆ ಮೊದಲ ದಿನದ ಚಹಾದಲ್ಲೇ ತಿಳಿದಿತ್ತು. ಬಿಚ್ಚಿದರೆ ಗೋಡೆ ಒಡೆಯುತ್ತದೆ, ಮನೆ ತುಂಬಾ ದೂಳು. ತಳದಲ್ಲಿ ನಾಲ್ಕು ತೂತು ಹೊಡೆದು, ಹಳಿಗೆ ಎಣ್ಣೆ ಬಿಟ್ಟು ಕೊಡುತ್ತೇನೆ, ಚಿಲಕಕ್ಕೊಂದು ರಬ್ಬರು, ಅಲ್ಲಿಗೆ ಮುಗಿಯಿತು ಎಂದ. ಗಂಡ ಹೆಂಡತಿಯ ಕಡೆ ನೋಡಿದ. ಅದೂ ಒಂದು ದಾರಿಯೇ ಎಂದು ಅವನ ಮುಖ ಹೇಳುತ್ತಿತ್ತು. ಬಾಯಿ ಮಾತ್ರ ಬೇರೆಯದನ್ನು ಹೇಳಿತು.

“ಪಾರ್ಸೆಲ್ ತಲೆಕೆಳಗಾದ್ರೆ ನಾವು ಅದರ ತಳಕ್ಕೆ ತೂತು ಹೊಡೆಯಲ್ಲ” ಎಂದ. “ತಿರುಗಿಸಿ ಇಡ್ತೀವಿ.”

ದೂರಿನಮ್ಮ ಗಂಡನನ್ನು ಆವತ್ತು ಹೊಸದಾಗಿ ನೋಡಿದಂತೆ ನೋಡಿದಳು. ಆಮೇಲೆ ಯಜಮಾನನಿಗೆ ಹೇಳಿದಳು: ಕಿಟಕಿ ಬಿಚ್ಚಬೇಕು, ಕಲ್ಲು ಕೆತ್ತಬೇಕು, ನೆಟ್ಟಗೆ ಕೂರಿಸಬೇಕು. ಅವನು ಉಸಿರು ಬಿಟ್ಟು, ಆಯಿತು ಎಂದು ಉಳಿ ತರಲು ಕೈಸನ್ನೆ ಮಾಡಿದ.

“ಅದು ಒಂದಾಯ್ತು. ಇನ್ನೊಂದಿದೆ” ಎಂದಳು. “ಬುಟ್ಟಿಯಿಂದ ಹಳಿ ಬಗ್ಗಿದೆ ಅಂತ ಅತ್ತೆಗೆ ಹೇಳಿದ್ರಿ. ಅದು ಸುಳ್ಳು ಅಂತ ಅವರಿಗೇ ಹೇಳಿ.”

“ಕೆಲಸ ಮಾಡಿಕೊಡ್ತಿದೀನಲ್ಲ ಮೇಡಂ. ಮತ್ತೆ ಹೇಳೋದೇನಿದೆ?”

“ಕೆಲಸ ಕಿಟಕಿಗೆ. ಮಾತು ಅವರಿಗೆ.”

ಕೂರಿಸುವವರು ಇಬ್ಬರೂ ಸಾಮಾನಿನ ಚೀಲದಲ್ಲಿ ಏನೋ ಹುಡುಕತೊಡಗಿದರು. ಯಜಮಾನನ ಮುಖ ನೋಡಿದರೆ, ಇದರ ಬದಲು ಬೀದಿಯ ಕಲ್ಲನ್ನೆಲ್ಲ ಕೆತ್ತಿಕೊಡು ಎಂದಿದ್ದರೆ ಸಂತೋಷವಾಗಿ ಕೆತ್ತುತ್ತಿದ್ದ ಎನ್ನಿಸುತ್ತಿತ್ತು. ಅತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಯಾರೂ ಅವರನ್ನು ಇದರಲ್ಲಿ ಎಳೆಯಬಾರದು ಎಂಬಂತೆ ಸೆರಗಿನ ಅಂಚನ್ನು ಮಡಿಸಿ ಬಿಚ್ಚುತ್ತಿದ್ದರು. ಬಿಡೇ, ಹೋಗಲಿ ಎಂದು ಒಮ್ಮೆ ಗೊಣಗಿದರು. ದೂರಿನಮ್ಮ ಬಿಡಲಿಲ್ಲ. ಅವಳು ಕೋಣೆಯ ಬಾಗಿಲಿಗೆ ಅಡ್ಡವಾಗಿಯೇನೂ ನಿಂತಿರಲಿಲ್ಲ. ಆದರೂ ಯಜಮಾನನಿಗೆ ಹೊರಹೋಗುವ ದಾರಿ ಕಾಣಲಿಲ್ಲ.

“ಅಮ್ಮಾ” ಎಂದ ಕೊನೆಗೆ. ಅಜ್ಜಿ ಹೋಗಿ ಅಮ್ಮ ಬಂದಿತ್ತು. “ನಮ್ಮ ಹುಡುಗರು ಸ್ವಲ್ಪ ಆ ಕಡೆ ಈ ಕಡೆ ಮಾಡಿದಾರೆ.”

“ಬುಟ್ಟಿ?” ಎಂದಳು ದೂರಿನಮ್ಮ.

“ಬುಟ್ಟಿಯಿಂದ ಏನೂ ಆಗಿಲ್ಲಮ್ಮ. ನಮ್ಮದೇ ತಪ್ಪು. ನೋಡದೆ ಹೇಳ್ಬಿಟ್ಟೆ.”

ಅತ್ತೆ ನಿಧಾನವಾಗಿ ಈ ಕಡೆ ತಿರುಗಿದರು. ಅವನನ್ನು ಕಾಲಿನಿಂದ ತಲೆಯವರೆಗೆ, ತಂದ ಬದನೆಕಾಯಿಯನ್ನು ನೋಡುವ ಹಾಗೆ ನೋಡಿದರು.

“ಮತ್ತೆ ಅವತ್ತು ಯಾಕೋ ಹಾಗಂದೆ?”

“ಬಾಯಿಗೆ ಬಂತಮ್ಮ.”

“ಬಾಯಿಗೆ ಬಂದದ್ದೆಲ್ಲ ಅನ್ನೋದಾಗಿದ್ರೆ ನಾನು ನಿನಗೆ ಏನೇನು ಅನ್ನಬೇಕಿತ್ತು ಗೊತ್ತಾ?” ಎಂದರು ಅತ್ತೆ. “ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದಳಂತೆ. ನೀನು ಅವಳಿಗಿಂತ ಮೇಲು. ನೆಲವನ್ನೂ ಬಿಟ್ಟು ನೋಡೋಕೆ ಬಂದೋಳ ಕಾಲು ಡೊಂಕು ಅಂದೆಯಲ್ಲೋ.”

ಸಾಮಾನಿನ ಚೀಲದ ಹತ್ತಿರ ಯಾರೋ ನಗು ನುಂಗಿದ ಸದ್ದಾಯಿತು. ದೂರಿನಮ್ಮನಿಗೆ ಎಷ್ಟೋ ದಿನದ ಮೇಲೆ ಮನೆಗೆ ಅತ್ತೆ ಬಂದ ಹಾಗಾಯಿತು. ಗಂಡ, ಯಾರೂ ಹೇಳದೆ, ಕಪಾಟಿನ ಮೇಲಿಂದ ಬುಟ್ಟಿ ತೆಗೆದು ದೂಳು ಕೊಡವಿದ.

ಕೆಲಸ ಶುರುವಾಯಿತು. ಸಿಲಿಕಾನು ಸೀಳಿ, ತಿರುಪು ಬಿಚ್ಚಿ, ಇಬ್ಬರೂ ಸೇರಿ ಕಿಟಕಿಯನ್ನು ಗೋಡೆಯಿಂದ ಇಳಿಸಿ ಹಜಾರಕ್ಕೆ ಒಯ್ದರು. ಉಳಿಯ ಏಟು ಬಿದ್ದಂತೆ ಕಲ್ಲಿನ ಬಿಳಿ ಪುಡಿ ಹಾಸಿಗೆಯ ಮೇಲೆಲ್ಲ ಕೂತಿತು. ಈ ಸಲ ಅತ್ತೆ ಒಳಮನೆಗೆ ಹೋಗಲು ಒಪ್ಪಲಿಲ್ಲ. ಹೋದ ಸಲ ಹೋಗಿದ್ದಕ್ಕೇ ಇಷ್ಟಾಯಿತು ಎಂದು ತಲೆಗೆ ಸೆರಗು ಹೊದ್ದು ಮಂಚದ ಮೇಲೇ ಕೂತರು. ಒಂದೊಂದು ಏಟಿಗೂ, ಸಾಕೇನೋ, ಇನ್ನೂ ಬೇಕೇನೋ ಎಂದು ಕೇಳುತ್ತಿದ್ದರು. ದೂರಿನಮ್ಮ ಪಕ್ಕದಲ್ಲಿ ನಿಂತು, ಚೌಕಟ್ಟಿನ ತುಟಿಯ ಅಗಲವನ್ನೂ ಕಲ್ಲಿನಲ್ಲಿ ಬಿದ್ದ ಕಚ್ಚನ್ನೂ ಹೋಲಿಸುತ್ತಿದ್ದಳು.

ಕೆತ್ತಿ ಮುಗಿಯಿತು. ಹಿರಿಯವನು ಗುಡಿಸಿ, ಸಿಮೆಂಟು ಕಲಸಲು ನೀರು ಕೇಳಿದ. ಗೋಡೆಯಲ್ಲೀಗ ಗಾಜಿಲ್ಲ, ಹಳಿಯಿಲ್ಲ, ಎಡ ಬಲವೆಂಬುದಿಲ್ಲ, ಅಷ್ಟಗಲದ ಬಯಲು. ಆ ಹೊತ್ತಿಗೆ ಸರಿಯಾಗಿ ಕೆಳಗೆ ಗಾಡಿಯವನ ಕೂಗು ಕೇಳಿತು. ಅತ್ತೆ ಮಗನ ಕೈ ಹಿಡಿದು ಎದ್ದು, ಆ ಬಯಲಿನ ಅಂಚಿಗೆ ಎರಡೂ ಮೊಣಕೈ ಊರಿ ಬಗ್ಗಿದರು. ದೂರಿನಮ್ಮ ಹಿಂದಿನಿಂದ ಅವರ ಸೊಂಟವನ್ನು ಗಟ್ಟಿಯಾಗಿ ಹಿಡಿದಳು.

“ಅಜ್ಜೀ, ಬದುಕಿದೀರಾ?” ಎಂದು ಕೆಳಗಿನಿಂದ ಕೇಳಿತು.

“ನಿನ್ನ ತಕ್ಕಡಿ ನೆಟ್ಟಗಾಗೋವರೆಗೂ ನಾನು ಸಾಯಲ್ಲ ಕಣೋ. ಟೊಮೆಟೊ ಏನು ಹಾಗೆ ಸೊರಗಿದಾವೆ? ಇಷ್ಟು ದಿನ ನಮ್ಮ ಸೊಸೆಗೆ ಕೊಟ್ಟು ಕಳಿಸಿದ್ದೆಲ್ಲ ಇದೇನಾ?”

ಅವನು ಏನೋ ಅಂದ, ಇವರು ಏನೋ ಅಂದರು. ಎದುರು ಮನೆಯ ಬಾಲ್ಕನಿಗೆ ಜನ ಬಂದರು. ಅತ್ತೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕತ್ತು ಹೊರಳಿಸಿ, ಇಷ್ಟು ದಿನದಲ್ಲಿ ಏನೇನು ಬದಲಾಗಿದೆ ಎಂದು ವಿಚಾರಿಸತೊಡಗಿದರು. ಇತ್ತ ಕೋಣೆಯಲ್ಲಿ ಸಿಮೆಂಟು ಗಟ್ಟಿಯಾಗತೊಡಗಿತ್ತು. ಕೂರಿಸುವವರಿಬ್ಬರೂ ಚೌಕಟ್ಟು ಎತ್ತಿ ಹಿಡಿದು, ಯಾರನ್ನು ಸರಿಯಲು ಹೇಳುವುದೋ ತಿಳಿಯದೆ ನಿಂತಿದ್ದರು. ಯಜಮಾನ ದೂರಿನಮ್ಮನ ಕಡೆ ನೋಡಿದ. ಅವಳು ಅತ್ತೆಯ ಬೆನ್ನಿನ ಕಡೆ ಕಣ್ಣು ತೋರಿಸಿದಳು: ಅವರನ್ನೇ ಕೇಳಿ.

“ಅಮ್ಮಾ, ಸ್ವಲ್ಪ ಈ ಕಡೆ ಬಂದ್ರೆ ಕೂರಿಸಿಬಿಡ್ತೀವಿ” ಎಂದ ಅವನು.

ಅತ್ತೆ ತಿರುಗಲಿಲ್ಲ.

“ನಿಧಾನ ಕಣಪ್ಪ” ಎಂದರು, ಬೀದಿಯಿಂದ ಕಣ್ಣು ತೆಗೆಯದೆ. “ಹೋದ ಸಲ ಅವಸರ ಮಾಡಿಯೇ ಕೆಡಿಸಿದ್ದು.”

ಕೂರಿಸುವವರು ಚೌಕಟ್ಟನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತರು.